ಗುಪ್ತಿ ಕೊಳ್ಳುವ ಮುನ್ನ ತಿರುಪು ನೋಡಿ

ಮುಂಬಯಿಯ ಚೋರ್ ಬಜಾರಿನಂಥ ಕಡೆ ಹಳೆಯ ವಸ್ತು ಹುಡುಕುವವರನ್ನು ಗುಪ್ತಾಯುಧಗಳಷ್ಟು ಸುಲಭವಾಗಿ ಮರುಳು ಮಾಡುವುದು ಬೇರೊಂದಿಲ್ಲ. ಊರುಗೋಲಿನೊಳಗೆ ಅಲಗು ಅಡಗಿಸಿಕೊಂಡ ಗುಪ್ತಿ, ಮುಷ್ಟಿಯಲ್ಲಿ ಮರೆಯಾಗುವ ವಾಘ್‌ನಖ, ಎರಡನೇ ಮಹಾಯುದ್ಧದ ಗೂಢಚಾರರದ್ದೆನ್ನುವ ಪುಟ್ಟ ಚೂರಿ: ಎಲ್ಲಕ್ಕೂ ಒಂದೊಂದು ಕಥೆ.

ಮೋಸ ಎರಡು ಬಗೆ. ಇದ್ದ ವಸ್ತುವಿನ ಪ್ರತಿ ಮಾಡಿ ಹಳೆಯದೆಂದು ಮಾರುವುದು ಒಂದು. ಎಂದೂ ಇರದಿದ್ದನ್ನೇ ಹುಟ್ಟಿಸುವುದು ಇನ್ನೊಂದು. ರಾಮ, ಹನುಮಂತರ ಚಿತ್ರವಿರುವ, 1818ರ ಈಸ್ಟ್ ಇಂಡಿಯಾ ಕಂಪನಿಯ ‘ನಾಣ್ಯ’ಗಳು ಎರಡನೆಯ ಜಾತಿಗೆ ಸೇರಿದವು, ಕಂಪನಿ ಅಂಥದ್ದನ್ನು ಟಂಕಿಸಿಯೇ ಇರಲಿಲ್ಲ. ಹೋಲಿಸಿ ನೋಡಲು ಅಸಲಿಯೇ ಇಲ್ಲದ ಕಾರಣ ಈ ಕಲ್ಪಿತ ಮಾಲೇ ಹೆಚ್ಚು ಅಪಾಯಕಾರಿ.

ಮೊದಲು ಕಣ್ಣು ಪಳಗಬೇಕು. ಕಾಲಾಘೋಡಾದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದ ಆಯುಧ ವಿಭಾಗದಲ್ಲಿ ಅಸಲಿ ಉಕ್ಕು, ಹಿಡಿಗಳ ಕೆಲಸವನ್ನು ನಿಧಾನವಾಗಿ ನೋಡಿ ಬನ್ನಿ.

ಅಂಗಡಿಯಲ್ಲಿ ಭೂತಗನ್ನಡಿ ಹಿಡಿದು ಅಲಗಿಗಿಂತ ಮೊದಲು ಹಿಡಿಯ ಬೆಸುಗೆ, ತಿರುಪುಗಳನ್ನು ಪರೀಕ್ಷಿಸಿ. ಕೂಡುಗುರುತಿನ ತಲೆಯ ಫಿಲಿಪ್ಸ್ ತಿರುಪು ಬಂದದ್ದೇ 1930ರ ದಶಕದಲ್ಲಿ. ‘ವಿಕ್ಟೋರಿಯಾ ಕಾಲದ’ ಗುಪ್ತಿಯಲ್ಲಿ ಅದಿದ್ದರೆ ಒಂದೋ ರಿಪೇರಿಯಾಗಿದೆ, ಇಲ್ಲವೇ ಇಡೀ ಗುಪ್ತಿಯೇ ಹೊಸದು. ಕೈ ತಾಗಿ ಸವೆಯುವ ಜಾಗ, ಮೂಲೆ ಎನ್ನದೆ ಎಲ್ಲೆಡೆ ಒಂದೇ ಸಮನೆ ಹರಡಿದ ತುಕ್ಕು ಆ್ಯಸಿಡ್ಡಿನ ಕೆಲಸವಿರಬಹುದು.

ಆಮೇಲೆ ಕೆತ್ತನೆ ಓದಿ. ಬ್ರಿಟಿಷರ ಗುಪ್ತ ಕಾರ್ಯಾಚರಣೆ ದಳದ ಏಷ್ಯಾ ಶಾಖೆಗೆ ‘ಫೋರ್ಸ್ 136’ ಎಂಬ ಹೆಸರು ಬಂದದ್ದು 1944ರಲ್ಲಿ. ಚೂರಿಯ ಮೇಲೆ ಆ ಹೆಸರಿನ ಪಕ್ಕ 1942 ಎಂದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಅಷ್ಟಕ್ಕೂ ಕೋಟಿನ ಕಾಲರಿನ ಹಿಂದೆ ಅಡಗಿಸಲೆಂದೇ ಮಾಡಿದ ಚೂರಿಯ ಮೇಲೆ ಗುಪ್ತ ದಳ ತನ್ನ ಹೆಸರನ್ನೇಕೆ ಬರೆಸೀತು?

ಕೊನೆಗೆ, ವಸ್ತು ಯಾರ ಕೈಯಿಂದ ಬಂತೆಂಬ ದಾಖಲೆ ಕೇಳಿ. 2024ರ ಜುಲೈಯಲ್ಲಿ ಸಾತಾರಾಕ್ಕೆ ಬಂದ ವಾಘ್‌ನಖವನ್ನು ಎರವಲು ಕೊಟ್ಟ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ, ಅಫ್ಜಲ್ ಖಾನನ ಮೇಲೆ ಶಿವಾಜಿ ಬಳಸಿದ್ದು ಅದೇ ಎಂದು ಖಚಿತಪಡಿಸಲಾಗದು ಎಂದೇ ಹೇಳಿದೆ. ಅದು ಶಿವಾಜಿಯದ್ದೇ ಎನ್ನುವ ಬರಹ ಅದರ ಪೆಟ್ಟಿಗೆಯ ಮೇಲಿದ್ದೂ ಅಷ್ಟು ಎಚ್ಚರ! ಬರೀ ಬಾಯಿಮಾತಿನ ಭರವಸೆಗೆ ದುಡ್ಡು ಎಣಿಸಬೇಡಿ.

ಕಾನೂನೂ ಇದೆ. ಶಸ್ತ್ರಾಸ್ತ್ರ ನಿಯಮಗಳಲ್ಲಿ ಗುಪ್ತಿಯೂ ಕತ್ತಿಯ ಸಾಲಿಗೇ ಸೇರುತ್ತದೆ, ಹೊಸದಾದರೂ ಅಷ್ಟೇ. ಕೊಳ್ಳುವ ಮೊದಲೇ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ. ನೂರು ವರ್ಷ ದಾಟಿದ ಅಸಲಿ ವಸ್ತುವಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಖಾಸಗಿಯವರು ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ.