ಚಿಟಿಕೆ ಗಾರೆಯ ಸಾಕ್ಷ್ಯ: ಮಗು ಕಾಣೆಯಾದಾಗ ಮನೆಯವರು ತಿಳಿದಿರಬೇಕಾದ ಕಾನೂನು

1960ರ ಜುಲೈ 7, ಸಿಡ್ನಿಯ ಬೊಂಡೈ. ಎಂಟು ವರ್ಷದ ಹುಡುಗನೊಬ್ಬ ಶಾಲೆಯ ಚೀಲ ಹಿಡಿದು ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟ. ದಿನವೂ ಅವನನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದ ಪರಿಚಯದ ಹೆಂಗಸು ಬಂದು ನೋಡಿದಾಗ ಅವನು ನಿಲ್ಲುತ್ತಿದ್ದ ಜಾಗ ಖಾಲಿಯಾಗಿತ್ತು. ಹತ್ತು ಗಂಟೆಯೊಳಗೆ ಮನೆಗೆ ಫೋನ್ ಬಂತು: 25,000 ಪೌಂಡ್ ಕೊಡಿ. ಐದು ವಾರಗಳ ಹಿಂದಷ್ಟೇ ಹುಡುಗನ ತಂದೆಗೆ ಒಪೆರಾ ಹೌಸ್ ಲಾಟರಿಯಲ್ಲಿ ಒಂದು ಲಕ್ಷ ಪೌಂಡ್ ಬಂದಿತ್ತು. ಗೆದ್ದವರ ಹೆಸರು, ವಿಳಾಸ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ಕಾಲ ಅದು.

ಹುಡುಗ ಬದುಕಿ ಬರಲಿಲ್ಲ. ಆಗಸ್ಟ್ 16ರಂದು ಸೀಫೋರ್ತ್ ಎಂಬಲ್ಲಿ, ಖಾಲಿ ನಿವೇಶನವೊಂದರಲ್ಲಿ, ಪಿಕ್ನಿಕ್ಕಿಗೆ ಹಾಸುವ ಚೌಕುಳಿ ಕಂಬಳಿಯಲ್ಲಿ ಸುತ್ತಿಟ್ಟ ಶವ ಸಿಕ್ಕಿತು. ಕೃತ್ಯವನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಡಿಎನ್‌ಎ ಪರೀಕ್ಷೆ ಬರಲು ಇನ್ನೂ ಕಾಲು ಶತಮಾನ ಬಾಕಿಯಿತ್ತು. ತನಿಖೆಯವರ ಕೈಯಲ್ಲಿ ಮುಖ್ಯವಾಗಿ ಇದ್ದದ್ದು ಆ ಕಂಬಳಿ, ಹುಡುಗನ ಬಟ್ಟೆ ಮತ್ತು ಅವನ ಬೂಟು.

ಬೂಟಿನ ಮೇಲೆ ಬೂಷ್ಟು ಹಿಡಿದಿತ್ತು. ಸಸ್ಯವಿಜ್ಞಾನಿಗಳು ಆ ಬೂಷ್ಟು ಬೆಳೆಯಲು ಎಷ್ಟು ದಿನ ಬೇಕೆಂದು ಲೆಕ್ಕಹಾಕಿ, ಅಪಹರಣವಾದ ಸ್ವಲ್ಪ ಹೊತ್ತಿನಲ್ಲೇ ಹುಡುಗ ಸತ್ತಿದ್ದಾನೆ, ಶವ ಅಂದಿನಿಂದಲೂ ಅಲ್ಲೇ ಇತ್ತು ಎಂದರು. ಕಂಬಳಿಯಲ್ಲಿ ನಾಯಿಯ ಕೂದಲಿತ್ತು. ಅದು ಪೀಕಿಂಗೀಸ್ ಜಾತಿಯದು. ಬಟ್ಟೆಗೆ ಗುಲಾಬಿ ಬಣ್ಣದ ಪುಡಿ ಅಂಟಿತ್ತು. ಅದು ಮನೆಯ ಗೋಡೆಗೆ ಬಳಸುವ ಸುಣ್ಣದ ಗಾರೆ. ಜೊತೆಗೆ ಎರಡು ಜಾತಿಯ ಸೈಪ್ರಸ್ ಮರಗಳ ಚೂರುಗಳಿದ್ದವು, ಅದರಲ್ಲಿ ಒಂದು ಆ ಊರಿನ ತೋಟಗಳಲ್ಲಿ ಅಪರೂಪದ್ದು. ಶವ ಸಿಕ್ಕ ಜಾಗದಲ್ಲಿ ಈ ಎರಡೂ ಮರಗಳಿರಲಿಲ್ಲ. ಹಾಗಾದರೆ ಪೊಲೀಸರು ಹುಡುಕಬೇಕಾದದ್ದು ಗುಲಾಬಿ ಗಾರೆಯ, ಅಂಗಳದಲ್ಲಿ ಈ ಎರಡೂ ಮರಗಳಿರುವ ಒಂದು ಮನೆಯನ್ನು. ಅಂಥ ಮನೆ ಕ್ಲಾಂಟಾರ್ಫ್ ಎಂಬ ಬಡಾವಣೆಯಲ್ಲಿದೆ ಎಂಬ ಸುಳಿವು ಕೊಟ್ಟವನು ಆ ಬೀದಿಗಳಲ್ಲಿ ಓಡಾಡುತ್ತಿದ್ದ ಅಂಚೆಯವನು.

ಆ ಮನೆಯಲ್ಲಿದ್ದ ಸ್ಟೀಫನ್ ಬ್ರಾಡ್ಲಿ ಎಂಬವನ ಕುಟುಂಬ ಹುಡುಗ ಕಾಣೆಯಾದ ದಿನವೇ ಮನೆ ಖಾಲಿ ಮಾಡಿತ್ತು. ಕಂಬಳಿಯಿಂದ ಕಿತ್ತುಹೋಗಿದ್ದ ಕುಚ್ಚು ಅಲ್ಲಿ ಸಿಕ್ಕಿತು. ಎಸೆದುಹೋಗಿದ್ದ ಫಿಲ್ಮನ್ನು ತೊಳೆದು ನೋಡಿದರೆ, ಮನೆಯವರೆಲ್ಲ ಅದೇ ಕಂಬಳಿಯ ಮೇಲೆ ಕುಳಿತ ಚಿತ್ರ ಮೂಡಿತು. ಅವರ ನಾಯಿ ಪೀಕಿಂಗೀಸ್. ಮಾರಿಹೋಗಿದ್ದ ನೀಲಿ ಫೋರ್ಡ್ ಕಾರಿನ ಡಿಕ್ಕಿಯಲ್ಲಿ ಅದೇ ಗುಲಾಬಿ ಪುಡಿ. ಅಷ್ಟರಲ್ಲಿ ಬ್ರಾಡ್ಲಿ ಹಡಗು ಹತ್ತಿದ್ದ. ಅಕ್ಟೋಬರ್ 10ರಂದು ಕೊಲಂಬೋ ಬಂದರಿನಲ್ಲಿ ಅವನನ್ನು ಹಿಡಿದು ಸಿಡ್ನಿಗೆ ಕರೆತಂದರು. 1961ರ ಮಾರ್ಚ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಮೊದಲು ತಪ್ಪೊಪ್ಪಿದ ಅವನು ನ್ಯಾಯಾಲಯದಲ್ಲಿ ಅದನ್ನು ಅಲ್ಲಗಳೆದಿದ್ದ. ಗಾರೆ, ಕೂದಲು, ಮರದ ಚೂರು ಮಾತು ಬದಲಿಸಲಿಲ್ಲ.

ಈ ಪ್ರಕರಣದಲ್ಲಿ ವಿಜ್ಞಾನಿಗಳ ಜಾಣ್ಮೆಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. ಆ ಕಂಬಳಿಯನ್ನು ಯಾರೋ ಒಬ್ಬರು ಕೊಡವಿದ್ದರೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಪ್ರಯೋಗಾಲಯಕ್ಕೆ ತಲುಪಿದ ಮೇಲೆ ಸಾಕ್ಷ್ಯವನ್ನು ನೋಡಿಕೊಳ್ಳಲು ತಜ್ಞರಿದ್ದಾರೆ. ತಲುಪುವ ತನಕ ಅದು ಮನೆಯವರ, ನೆರೆಹೊರೆಯವರ, ಠಾಣೆಯ ಪೇದೆಯ ಕೈಯಲ್ಲಿರುತ್ತದೆ. ನಮ್ಮ ಕಾನೂನು ಆ ಮೊದಲ ಗಂಟೆಗಳಲ್ಲಿ ನಮಗೆ ಏನೇನು ಕೇಳುವ ಹಕ್ಕು ಕೊಟ್ಟಿದೆ ಎಂಬುದನ್ನು ತಿಳಿದಿರಬೇಕಾದದ್ದು ಇದಕ್ಕಾಗಿ.

ಮೊದಲ ಮಾತು: ಕಾಯಬೇಡಿ. ‘ಇಪ್ಪತ್ನಾಲ್ಕು ಗಂಟೆ ನೋಡಿ, ಅಜ್ಜಿ ಮನೆಗೆ ಹೋಗಿರಬಹುದು’ ಎಂದು ಠಾಣೆಯಲ್ಲಿ ಹೇಳಿದರೆ, ಅಂಥ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಬಚಪನ್ ಬಚಾವೋ ಆಂದೋಲನ ಎಂಬ ಮಕ್ಕಳ ಹಕ್ಕುಗಳ ಸಂಸ್ಥೆಯ ಅರ್ಜಿಯ ಮೇಲೆ 2013ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ: ಮಗು ಕಾಣೆಯಾಗಿದೆ ಎಂಬ ದೂರು ಬಂದರೆ, ಅಪಹರಣವೋ ಸಾಗಣೆಯೋ ನಡೆದಿರಬಹುದೆಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ನೀವು ಹೋದ ಠಾಣೆ ದೂರು ತೆಗೆದುಕೊಳ್ಳಬೇಕು. ‘ಝೀರೋ ಎಫ್‌ಐಆರ್’ ಎನ್ನುವುದು ಇದನ್ನೇ. ಪ್ರತಿಯನ್ನು ಉಚಿತವಾಗಿ ಕೊಡಬೇಕು. ನಿರಾಕರಿಸಿದರೆ ದೂರನ್ನು ಬರವಣಿಗೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಆದರೆ ಅದಕ್ಕೆಲ್ಲ ಸಮಯ ಹಿಡಿಯುತ್ತದೆ. ಆ ಹೊತ್ತಿಗೆ 112ಕ್ಕೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ; ಕರೆ ಮಾಡಿದ ವೇಳೆಯೇ ಒಂದು ದಾಖಲೆಯಾಗಿ ಉಳಿಯುತ್ತದೆ.

ಇನ್ನು ಮನೆಯ ಒಳಗಿನ ಮಾತು. ಸುದ್ದಿ ಹರಡಿದೊಡನೆ ನೆಂಟರು, ಓಣಿಯವರು ಸೇರುತ್ತಾರೆ. ಜನ ಬರುತ್ತಾರೆಂದು ಯಾರೋ ಮನೆ ಗುಡಿಸುತ್ತಾರೆ, ಮಗುವಿನ ಹಾಸಿಗೆ ಮಡಚುತ್ತಾರೆ, ಒಗೆಯದ ಯೂನಿಫಾರ್ಮನ್ನು ನೀರಿಗೆ ಹಾಕುತ್ತಾರೆ. ಯಾರಿಗೂ ಕೆಟ್ಟ ಉದ್ದೇಶವಿರುವುದಿಲ್ಲ. ಆದರೆ ಶ್ವಾನದಳದ ನಾಯಿಗೆ ಬೇಕಾದದ್ದು ಆ ಒಗೆಯದ ಬಟ್ಟೆಯೇ. ಮುಂದೆ ಡಿಎನ್‌ಎ ಹೋಲಿಸಲು ಬೇಕಾಗುವುದು ಮಗುವಿನ ಹಲ್ಲುಜ್ಜುವ ಬ್ರಷ್, ಬಾಚಣಿಗೆ, ದಿಂಬಿನ ಚೀಲ. ಆ ಕೋಣೆಗೆ ಬಾಗಿಲು ಹಾಕಿ ಬೀಗ ಹಾಕಿಬಿಡಿ. ಏನನ್ನಾದರೂ ಎತ್ತಿಡಲೇಬೇಕಾದರೆ ಕಾಗದದ ಕವರಿನಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಿ ಬೇಡ. ಪ್ಲಾಸ್ಟಿಕ್ಕಿನೊಳಗೆ ಬೆವರು ಕಟ್ಟಿ ಬೂಷ್ಟು ಬಂದರೆ ಜೈವಿಕ ಕುರುಹು ಕೆಡುತ್ತದೆ. ಸಿಡ್ನಿಯಲ್ಲಿ ಬೂಷ್ಟು ಸಾಕ್ಷಿಯಾದದ್ದು ನಿಜ, ಆದರೆ ಅದು ಶವ ಬಿದ್ದ ಜಾಗದಲ್ಲಿ ಬೆಳೆದದ್ದು.

ಹಣ ಕೇಳಿ ಕರೆ ಬಂದರೆ ಫೋನಿನಿಂದ ಏನನ್ನೂ ಅಳಿಸಬೇಡಿ. ಗುಟ್ಟಾಗಿ ವ್ಯವಹಾರ ಮುಗಿಸಿಕೊಳ್ಳುತ್ತೇವೆಂದು ಹೊರಡಬೇಡಿ. ಸಿಡ್ನಿಯಲ್ಲಿ ಆ ಕರೆ ಬಂದಾಗ ಮನೆಯಲ್ಲಿದ್ದ ಪೊಲೀಸ್ ಅಧಿಕಾರಿಯೇ ತಂದೆಯಂತೆ ಮಾತನಾಡಿದ್ದ. ಈಗ ಕರೆಯ ಧ್ವನಿಯನ್ನು ಆರೋಪಿಯ ಧ್ವನಿಯೊಡನೆ ಹೋಲಿಸುವುದಕ್ಕೂ ದಾರಿಯಿದೆ. ಧ್ವನಿ ಮಾದರಿ ಕೊಡುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಈಗ ಸಂಹಿತೆಯ ಕಲಂ 349ರಲ್ಲೇ ಸೇರಿದೆ.

ಸಿಸಿಟಿವಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಂದಿನ ಪ್ರಕರಣಗಳು ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಇಲ್ಲೇ. ಕಿರಾಣಿ ಅಂಗಡಿಯ ಕ್ಯಾಮೆರಾ ಕೆಲವು ದಿನಗಳಿಗೊಮ್ಮೆ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆದುಕೊಳ್ಳುತ್ತದೆ. ಪೊಲೀಸರು ಬರುವವರೆಗೆ ಅದು ಉಳಿಯುವಂತೆ ಅಂಗಡಿಯವರನ್ನು ಅಂದೇ ಕೇಳಿಕೊಳ್ಳಿ. ಕ್ಯಾಮೆರಾ ಇರುವ ಮನೆ, ಅಂಗಡಿಗಳ ಪಟ್ಟಿ ಮಾಡಿ ತನಿಖಾಧಿಕಾರಿಗೆ ಬರವಣಿಗೆಯಲ್ಲಿ ಕೊಡಿ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸಾಪ್‌ನಲ್ಲಿ ಹಂಚಿದ ತುಣುಕು ಹುಡುಕಾಟಕ್ಕೆ ನೆರವಾಗಬಹುದು, ನ್ಯಾಯಾಲಯದಲ್ಲಿ ಅದನ್ನೇ ನೆಚ್ಚಿಕೊಂಡು ಕೂರುವಂತಿಲ್ಲ. ದೃಶ್ಯವನ್ನು ಮೂಲ ಯಂತ್ರದಿಂದ ನಕಲು ಮಾಡಿಕೊಂಡಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಲ್ಲಿ ಹೇಳಿರುವ ಪ್ರಮಾಣಪತ್ರ ಬೇಕು. ನಕಲು ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಸಂಖ್ಯೆಯೂ ಅದರಲ್ಲಿರಬೇಕು. ಅಂಗಡಿಯವರು ‘ನಮಗೇಕೆ ಕೋರ್ಟಿನ ಉಸಾಬರಿ’ ಎಂದು ಹಿಂದೆಗೆಯುವುದು ಇಲ್ಲಿ. ಒಂದು ಸಹಿಗೆ ಎಷ್ಟು ಬೆಲೆಯಿದೆ ಎಂದು ಅವರಿಗೆ ಕುಳಿತು ಹೇಳುವ ಜನ ಓಣಿಯಲ್ಲಿರಬೇಕು.

ಹೊಸ ಸಂಹಿತೆ ತಂದ ದೊಡ್ಡ ಬದಲಾವಣೆ ಕಲಂ 176(3). ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆ ಇರುವ ಅಪರಾಧಗಳಲ್ಲಿ, ಅಂದರೆ ಕೊಲೆ, ಒತ್ತೆಹಣದ ಅಪಹರಣ ಇವೆಲ್ಲದರಲ್ಲಿ, ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಕುರುಹು ಸಂಗ್ರಹಿಸಬೇಕು, ಅದನ್ನು ವಿಡಿಯೋ ಮಾಡಬೇಕು. ಇದನ್ನು ಅಧಿಸೂಚನೆ ಮೂಲಕ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಜೊತೆಗೆ ಕಲಂ 105ರ ಪ್ರಕಾರ ಪೊಲೀಸರು ನಡೆಸುವ ಶೋಧ, ಜಪ್ತಿಗಳ ಧ್ವನಿ-ದೃಶ್ಯ ದಾಖಲೆಯಾಗಬೇಕು, ಅದು ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಹಾಗಾಗಿ ‘ತಜ್ಞರು ಯಾವಾಗ ಬರುತ್ತಾರೆ, ವಿಡಿಯೋ ಆಗುತ್ತಿದೆಯೇ’ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಅವರು ಬರುವ ತನಕ ಸ್ಥಳದೊಳಗೆ ಯಾರೂ ಕಾಲಿಡದಂತೆ ನೋಡಿಕೊಳ್ಳುವುದು ಊರವರಿಂದ ಆಗುವ ಕೆಲಸ. ದುಃಖದಲ್ಲಿ ಓಡಿಹೋಗಿ ಮಗುವನ್ನು ತಬ್ಬಿಕೊಳ್ಳುವ ತಾಯಿಯನ್ನು ಯಾವ ಕಲಮೂ ತಡೆಯದು, ತಡೆಯಲೂ ಬಾರದು. ಆದರೆ ಅವಳ ಹಿಂದೆ ನೂರು ಜನ ನುಗ್ಗಿ ಮೊಬೈಲ್ ಎತ್ತುವುದನ್ನು ತಡೆಯಬಹುದು.

ಪಂಚರಾಗಿ, ಅಂದರೆ ಮಹಜರಿನ ಸಾಕ್ಷಿಗಳಾಗಿ, ಬನ್ನಿ ಎಂದು ಪೊಲೀಸರು ಕರೆದರೆ ಹೋಗಿ. ಲಿಖಿತ ಆದೇಶ ಕೊಟ್ಟು ಕರೆದಾಗ ಸಕಾರಣವಿಲ್ಲದೆ ನಿರಾಕರಿಸುವುದು ಅಪರಾಧ, ಆದರೆ ನಾನು ಹೇಳುತ್ತಿರುವುದು ಆ ಭಯಕ್ಕಾಗಿ ಅಲ್ಲ. ಮಹಜರಿಗೆ ಠಾಣೆಯಲ್ಲಿ ಕೂತು ಸಹಿ ಹಾಕಬೇಡಿ. ಸ್ಥಳದಲ್ಲೇ ನಿಂತು, ಯಾವ ವಸ್ತು ಎಲ್ಲಿ ಸಿಕ್ಕಿತೆಂದು ನೋಡಿ, ನಿಮ್ಮೆದುರೇ ಪೊಟ್ಟಣ ಕಟ್ಟಿ ಅರಗಿನ ಮುದ್ರೆ ಒತ್ತಿದ ಮೇಲೆ, ಬರೆದದ್ದನ್ನು ಓದಿಸಿಕೊಂಡು ಸಹಿ ಹಾಕಿ. ಖಾಲಿ ಹಾಳೆಗೆ ಸಹಿ ಹಾಕಿದ ಪಂಚ ವರ್ಷಗಳ ನಂತರ ಪಾಟೀಸವಾಲಿನಲ್ಲಿ ತಡವರಿಸಿದರೆ, ಪ್ರಯೋಗಾಲಯ ಎಷ್ಟು ಖಚಿತವಾಗಿ ವರದಿ ಕೊಟ್ಟಿದ್ದರೂ ಆ ವಸ್ತು ಎಲ್ಲಿಂದ ಬಂತೆಂಬ ಪ್ರಶ್ನೆ ಉಳಿದುಬಿಡುತ್ತದೆ.

ಆ ಪ್ರಶ್ನೆಯಿಂದಲೇ ಬಿದ್ದುಹೋದ ಪ್ರಕರಣಗಳಿವೆ. ದೆಹಲಿಯ ಛಾವ್ಲಾ ಪ್ರಕರಣದಲ್ಲಿ, ಮಾದರಿಗಳು ಹಲವು ದಿನ ಜಪ್ತಿಯಾದ ವಸ್ತುಗಳನ್ನಿಡುವ ಠಾಣೆಯ ಮಾಲ್‌ಖಾನೆಯಲ್ಲೇ ಉಳಿದಿದ್ದವು ಎಂಬುದೂ ಸೇರಿ, ಸಾಕ್ಷ್ಯದಲ್ಲಿದ್ದ ಲೋಪಗಳಿಗಾಗಿ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಲ್ಲು ಶಿಕ್ಷೆಯಾಗಿದ್ದ ಮೂವರನ್ನು ಬಿಡುಗಡೆ ಮಾಡಿತು. 2025ರ ಜುಲೈನಲ್ಲಿ ತಮಿಳುನಾಡಿನ ಕಟ್ಟವೆಳ್ಳೈ ಪ್ರಕರಣದಲ್ಲೂ ಗಲ್ಲು ಶಿಕ್ಷೆಯಾಗಿದ್ದ ಆರೋಪಿ ಖುಲಾಸೆಯಾದ. ಅಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸುವ ಸೂಚನೆ ಕೊಟ್ಟಿತು: ಡಿಎನ್‌ಎ ಮಾದರಿ 48 ಗಂಟೆಗಳಲ್ಲಿ ಪ್ರಯೋಗಾಲಯ ಸೇರಬೇಕು, ತಡವಾದರೆ ಕಾರಣ ಬರೆದಿಡಬೇಕು, ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದಕ್ಕೆ ವಹಿ ಇರಬೇಕು. ಈ ‘48 ಗಂಟೆ’ಯನ್ನು ನೊಂದ ಕುಟುಂಬಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮೂರನೆಯ ದಿನ ತನಿಖಾಧಿಕಾರಿಗೆ ಒಂದು ಪತ್ರ ಬರೆಯಿರಿ: ಮಾದರಿ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೋ ಪ್ರಾದೇಶಿಕ ಪ್ರಯೋಗಾಲಯಕ್ಕೋ ತಲುಪಿದೆಯೇ? ಪತ್ರದ ಸ್ವೀಕೃತಿಯನ್ನು ಇಟ್ಟುಕೊಳ್ಳಿ.

ಆರೋಪಿ ಸಿಕ್ಕ ಮೇಲೆ ಠಾಣೆಯ ಮುಂದೆ ಜನ ಕೂಗುವುದು ‘ಮಂಪರು ಪರೀಕ್ಷೆ ಮಾಡಿ’ ಎಂದು. ಈ ಪರೀಕ್ಷೆ ಒಂದು ಕಾಲದಲ್ಲಿ ಹೆಸರಾಗಿದ್ದದ್ದು ಬೆಂಗಳೂರಿನ ಪ್ರಯೋಗಾಲಯದಿಂದಲೇ. ಅದನ್ನು ಬಲವಂತವಾಗಿ ಮಾಡುವಂತಿಲ್ಲ ಎಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗದು. ಆರೋಪಿಯ ಮಾತಿನಿಂದ ಹೊಸದಾಗಿ ವಸ್ತುವೊಂದು ಸಿಕ್ಕರೆ ಅಷ್ಟು ಭಾಗ ಮಾತ್ರ ನಿಲ್ಲುತ್ತದೆ. ಬೆರಳಚ್ಚು, ರಕ್ತ, ಕೂದಲು ಬೇರೆ ಮಾತು: ಅವನ್ನು ಕಾನೂನಿನ ಕ್ರಮದಲ್ಲಿ ತೆಗೆದುಕೊಳ್ಳಬಹುದು, ಅವೇ ಗಟ್ಟಿ. ನಿಜವಾದ ಅಪರಾಧಿಗೆ ಶಿಕ್ಷೆಯಾಗಲಿ ಎಂದು ಬಯಸುವವರು ಕೂಗಬೇಕಾದದ್ದು ‘ಮಾದರಿ ಕಳಿಸಿ’ ಎಂದು. ತಪ್ಪು ಮನುಷ್ಯನನ್ನು ಹಿಡಿದರೆ ಕೊಂದವನು ಇನ್ನೊಂದು ಓಣಿಯಲ್ಲಿ ಓಡಾಡಿಕೊಂಡಿರುತ್ತಾನೆ.

ಶವ ಸಿಕ್ಕಿ ಗುರುತು ಹತ್ತದಿದ್ದರೆ ತಂದೆತಾಯಿಯ ರಕ್ತದ ಮಾದರಿ ಸಾಕು. ಮೂಳೆ, ಹಲ್ಲು ಮಾತ್ರ ಉಳಿದಿದ್ದರೂ ತಾಯಿಯ ಕಡೆಯಿಂದ ಬರುವ ಮೈಟೊಕಾಂಡ್ರಿಯಾ ಡಿಎನ್‌ಎ ಹೋಲಿಸಬಹುದು. ದಹನಕ್ಕೆ ಮುನ್ನ ಬೇಕಾದ ಮಾದರಿಗಳೆಲ್ಲ ಸಂಗ್ರಹವಾದವೇ ಎಂದು ವೈದ್ಯರನ್ನು ಕೇಳಿ. ಮಣ್ಣು ಮಾಡಿದ ಶವವನ್ನು ಮ್ಯಾಜಿಸ್ಟ್ರೇಟರ ಆದೇಶದಿಂದ ಮತ್ತೆ ತೆಗೆಯಬಹುದು, ಸುಟ್ಟ ಮೇಲೆ ಆ ದಾರಿಯಿಲ್ಲ.

ಹುಡುಕುವಾಗ ಹಂಚಿದ ಮಗುವಿನ ಫೋಟೋವನ್ನು, ಅಪರಾಧ ನಡೆದಿದೆಯೆಂದು ತಿಳಿದ ಮೇಲೆ ಎಲ್ಲ ಗುಂಪುಗಳಿಂದ ಅಳಿಸಿ. ನೊಂದ ಮಗುವಿನ ಗುರುತನ್ನು ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆಯ ಕಲಂ 74ರಲ್ಲಿ ಅಪರಾಧ. ಲೈಂಗಿಕ ದೌರ್ಜನ್ಯವಿದ್ದರೆ ಪೋಕ್ಸೋ ಕಾಯ್ದೆಯೂ ತಡೆಯುತ್ತದೆ. ಸಿಡ್ನಿಯ ಹುಡುಗನ ಹೆಸರು ಲೋಕಕ್ಕೆಲ್ಲ ಗೊತ್ತಿದ್ದರೂ ನಾನಿಲ್ಲಿ ಬರೆಯದೆ ಬಿಟ್ಟದ್ದು ಈ ಅಭ್ಯಾಸದಿಂದ.

ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂದು ಸಂಹಿತೆಯ ಕಲಂ 193 ಹೇಳುತ್ತದೆ. ವಕೀಲರಿದ್ದರೆ ದೋಷಾರೋಪ ಪಟ್ಟಿಯ ಪ್ರತಿ ನೊಂದವರಿಗೂ ಉಚಿತವಾಗಿ ಸಿಗುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಬಿಡಬೇಡಿ: ಮಹಿಳೆಯರಿಗೆ, ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ, ಹಾಗಾಗಿ ಅರ್ಜಿ ತಾಯಿಯ ಹೆಸರಿನಲ್ಲಿರಲಿ. ದೂರವಾಣಿ 15100. ಪರಿಹಾರದ ಅರ್ಜಿಯನ್ನೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲೇ ಕೊಡಬಹುದು, ಆರೋಪಿ ಸಿಗದಿದ್ದರೂ ಸರಿ.

ಕೊನೆಗೆ, ಯಾರೂ ಹೇಳಿಕೊಡದ ಒಂದು ಸಂಗತಿ. ಮಗುವಿನ ಶಾಲೆಯ ಚೀಲ, ಬೂಟು, ಕಾಲ್ಗೆಜ್ಜೆ ಇವೆಲ್ಲ ಮುದ್ದೆಮಾಲಾಗಿ, ಅಂದರೆ ಸಾಕ್ಷ್ಯವಸ್ತುಗಳಾಗಿ, ನಂಬರು ಹೊತ್ತು ನ್ಯಾಯಾಲಯದ ವಶದಲ್ಲಿರುತ್ತವೆ. ವಿಚಾರಣೆ ಮುಗಿದಾಗ ಅವನ್ನು ಏನು ಮಾಡಬೇಕೆಂದು ನ್ಯಾಯಾಧೀಶರು ಆದೇಶಿಸುತ್ತಾರೆ. ಯಾರೂ ಕೇಳದಿದ್ದರೆ ನಾಶಪಡಿಸುವಂತೆಯೂ ಆದೇಶವಾಗಬಹುದು. ಹಿಂದಕ್ಕೆ ಬೇಕಿದ್ದರೆ ತೀರ್ಪಿಗೆ ಮೊದಲೇ ಸರ್ಕಾರಿ ಅಭಿಯೋಜಕರಿಗೆ ತಿಳಿಸಿ ಒಂದು ಅರ್ಜಿ ಹಾಕಿಡಿ. ಮೇಲ್ಮನವಿ ಇದ್ದರೆ ಅದು ಮುಗಿಯುವ ತನಕ ಕಾಯಬೇಕಾಗುತ್ತದೆ, ಆಮೇಲೆ ಆ ವಸ್ತುಗಳನ್ನು ಸಹಿ ಹಾಕಿ ಮನೆಗೆ ಒಯ್ಯಬಹುದು.