ಪೆಟ್ರೋಲ್ ಉಳಿಸೋಣ, ಆದರೆ ಎಲ್ಲಿ?

ಈ ಸಲದ ಗೋಡೆ ಪತ್ರಿಕೆಗೆ ನಾನು ಆರಿಸಿಕೊಂಡ ವಿಷಯ ಇಂಧನ ಉಳಿತಾಯ ಮತ್ತು ಹೆದ್ದಾರಿ ಸೇರುವ ರೀತಿ. ಇಂಧನ ಉಳಿಸಿ ಅಂತ ಎಲ್ಲರೂ ಹೇಳುತ್ತಾರೆ. ಜೋಪಾನವಾಗಿ ಗಾಡಿ ಓಡಿಸಿ ಅಂತಲೂ ಎಲ್ಲರೂ ಹೇಳುತ್ತಾರೆ. ಈ ಎರಡು ಮಾತಿಗೂ ಒಂದು ಜಾಗದಲ್ಲಿ ಜಗಳ ಬರುತ್ತದೆ. ಅದು ಹಳ್ಳಿ ರಸ್ತೆ ಬಂದು ದೊಡ್ಡ ರಸ್ತೆಗೆ ಸೇರುವ ಜಾಗ.

ನಮ್ಮ ಕುಣಿಗಲ್ ಪಕ್ಕದಲ್ಲಿ ಹೋಗುವುದು ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ. ಮೊದಲು ಇದರ ನಂಬರು 48. ಸರ್ಕಾರ 2010ರಲ್ಲಿ ಹೆದ್ದಾರಿಗಳ ನಂಬರು ಬದಲಾಯಿಸಿದ ಮೇಲೆ ಇದು 75 ಆಯಿತು. ಹಗಲು ರಾತ್ರಿ ಲಾರಿ, ಬಸ್ಸು, ಕಾರು ಓಡುತ್ತಲೇ ಇರುತ್ತವೆ. ಅಂಚೆಪಾಳ್ಯದ ಕಡೆ ನೋಡಿ, ಎಡೆಯೂರಿನ ಕಡೆ ನೋಡಿ, ನಮ್ಮ ಜನ ಕಾರು, ಮೊಪೆಡ್ಡು, ಟ್ರ್ಯಾಕ್ಟರು ತಗೊಂಡು ಈ ಓಟದ ಮಧ್ಯಕ್ಕೆ ಸೇರಬೇಕು.

ಉಳಿತಾಯದ ಮಾತು

ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಹೆಚ್ಚಿನ ಪಾಲು ಹೊರದೇಶದಿಂದ ಬರುತ್ತದೆ. ಅದಕ್ಕೇ ಇಂಧನ ಉಳಿಸುವುದನ್ನು ಜನರಿಗೆ ತಿಳಿಸಲು 1978ರಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಶುರುವಾಯಿತು. ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ ಓಡಿಸಿ, ಚಕ್ರದ ಗಾಳಿ ಸರಿಯಾಗಿಡಿ, ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಆಫ್ ಮಾಡಿ ಎಂಬುದು ಅದರ ಸಲಹೆ. ಒಳ್ಳೆಯ ಸಲಹೆಗಳೇ.

ನನ್ನ ಚಿಕ್ಕಪ್ಪ ಬಾಡಿಗೆಗೆ ಕಾರು ಓಡಿಸುತ್ತಾರೆ. ಅವರು ಆಕ್ಸಿಲರೇಟರನ್ನು ಯಾವಾಗಲೂ ಮೆಲ್ಲಗೇ ಒತ್ತುವುದು. ಹೆದ್ದಾರಿಗೆ ಸೇರುವಾಗಲೂ ಹಾಗೇ. ಹಿಂದಿನಿಂದ ಲಾರಿಯವರು ಹಾರನ್ ಮೇಲೆ ಹಾರನ್ ಹೊಡೆಯುತ್ತಾರೆ. ನಾನು, "ಯಾಕ್ ಚಿಕ್ಕಪ್ಪ ಇಷ್ಟು ನಿಧಾನ?" ಅಂತ ಕೇಳಿದ್ದಕ್ಕೆ, "ಪೆಟ್ರೋಲ್ ಏನ್ ಪುಕ್ಸಟ್ಟೆ ಬತ್ತದಾ ಮಗಾ?" ಅಂದರು. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಉಳಿದ ದುಡ್ಡಿನಲ್ಲೇ ಅವರ ಮನೆ ನಡೆಯಬೇಕು. ಆದರೆ ಅವರು ದಿನಾ ಆ ರಸ್ತೆಗೆ ಇಳಿಯುತ್ತಾರೆ. ಅದಕ್ಕೆ ನಾನು ಲೆಕ್ಕ ಹಾಕಿ ನೋಡಿದೆ.

ಲೆಕ್ಕ

ವೇಗದ ಪಾಠದಲ್ಲಿ ನಾವು ಕಲಿತ ಹಾಗೆ ಗಂಟೆಗೆ ಇಷ್ಟು ಕಿ.ಮೀ. ಎಂಬುದನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಮಾಡಲು 5ರಿಂದ ಗುಣಿಸಿ 18ರಿಂದ ಭಾಗಿಸಬೇಕು.

ಲಾರಿಯ ವೇಗ 80 ಕಿ.ಮೀ. = ಸೆಕೆಂಡಿಗೆ ಸುಮಾರು 22 ಮೀಟರ್.
ಕಾರಿನ ವೇಗ 40 ಕಿ.ಮೀ. = ಸೆಕೆಂಡಿಗೆ ಸುಮಾರು 11 ಮೀಟರ್.
ವ್ಯತ್ಯಾಸ = 11 ಮೀಟರ್.

ಕಾರು ಸರ್ವಿಸ್ ರಸ್ತೆಯಿಂದ 40ರಲ್ಲಿ ಹೆದ್ದಾರಿಗೆ ಸೇರಿತು, ಲಾರಿ 100 ಮೀಟರ್ ಹಿಂದೆ ಇದೆ ಎಂದು ಇಟ್ಟುಕೊಳ್ಳಿ. ಕಾರು 40ರಲ್ಲೇ ಹೋದರೆ 9 ಸೆಕೆಂಡಿಗೆ ಲಾರಿ ಬೆನ್ನಿಗೆ ಬಂದಿರುತ್ತದೆ.

ಕಾರು ಒಂದೇ ಸಮನೆ ವೇಗ ಹೆಚ್ಚಿಸಿಕೊಂಡು 80 ಮುಟ್ಟಿದರೆ? ವ್ಯತ್ಯಾಸ 11ರಿಂದ 0ಗೆ ಇಳಿಯುತ್ತದೆ. ಸರಾಸರಿ 5.5 ಮೀಟರ್.

10 ಸೆಕೆಂಡಿನಲ್ಲಿ 80 ಮುಟ್ಟಿದರೆ: 5.5 × 10 = 55 ಮೀಟರ್ ಕಡಿಮೆಯಾಗಿ 45 ಮೀಟರ್ ಉಳಿಯುತ್ತದೆ. ಆ ವೇಗಕ್ಕೆ ಇದು 2 ಸೆಕೆಂಡಿನ ಅಂತರ.
20 ಸೆಕೆಂಡಿನಲ್ಲಿ ಮುಟ್ಟಿದರೆ: 5.5 × 20 = 110 ಮೀಟರ್. ಇದ್ದದ್ದೇ 100! ಲಾರಿ ಬ್ರೇಕ್ ಹಾಕಲೇಬೇಕು, ಇಲ್ಲವೇ ಗುದ್ದುತ್ತದೆ.

ಸರ್ವಿಸ್ ರಸ್ತೆ ಇಲ್ಲದ ಕಡೆ ನಿಂತಲ್ಲಿಂದಲೇ ಹೊರಡಬೇಕು. ಆಗ ಶುರುವಿನ ವ್ಯತ್ಯಾಸ 22, ಸರಾಸರಿ 11 ಮೀಟರ್. 80 ಮುಟ್ಟಲು 20 ಸೆಕೆಂಡ್ ಹಿಡಿದರೆ 220 ಮೀಟರ್ ಬೇಕು. ನಮ್ಮ ಕ್ರೀಡಾಕೂಟದ 200 ಮೀಟರ್ ಓಟಕ್ಕಿಂತ ಉದ್ದ! ಆದ್ದರಿಂದ ದೂರದಲ್ಲಿ ಚಿಕ್ಕದಾಗಿ ಕಾಣುವ ಲಾರಿಯೂ ದೂರದ್ದಲ್ಲ.

ನಿಜವಾಗಿ ಉಳಿಯಿತೇ?

ನನ್ನ ಅಕ್ಕನ ಒಂಬತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ಚಲನ ಶಕ್ತಿಯ ಪಾಠವಿದೆ. ವೇಗ ಒಂದೇ ಆದರೆ ತೂಕ ಎಷ್ಟು ಪಟ್ಟೋ ಶಕ್ತಿಯೂ ಅಷ್ಟು ಪಟ್ಟು. 40ರಿಂದ 80ಕ್ಕೆ ಏರಲು ಕಾರಿಗೆ ಬೇಕಾದ ಚಲನ ಶಕ್ತಿ 10 ಸೆಕೆಂಡಿನಲ್ಲಿ ಏರಿದರೂ ಅಷ್ಟೇ, 20 ಸೆಕೆಂಡಿನಲ್ಲಿ ಏರಿದರೂ ಅಷ್ಟೇ. ಜೋರಾಗಿ ಒತ್ತಿದಾಗ ಇಂಜಿನ್ ಸ್ವಲ್ಪ ಜಾಸ್ತಿ ಕುಡಿಯಬಹುದು. ಮೆಲ್ಲಗೆ ಒತ್ತಿ ಉಳಿಸುವುದು ಆ ಚೂರು ಮಾತ್ರ.

ಈಗ ಹಿಂದಿನ ಲಾರಿ ನೋಡಿ. ಕಾರು 1 ಟನ್, ಲಾರಿ 16 ಟನ್ ಎಂದಿಟ್ಟುಕೊಳ್ಳೋಣ. ಕಾರಿನಿಂದಾಗಿ ಲಾರಿ 80ರಿಂದ 40ಕ್ಕೆ ಇಳಿದರೆ ಅದರ ಚಲನ ಶಕ್ತಿಯ ಮುಕ್ಕಾಲು ಪಾಲು ಬ್ರೇಕಿನಲ್ಲಿ ಬಿಸಿಯಾಗಿ ಹೋಯಿತು. ಮತ್ತೆ 80ಕ್ಕೆ ಏರಲು ಕಾರಿಗೆ ಬೇಕಾದುದರ 16 ಪಟ್ಟು ಶಕ್ತಿ ಬೇಕು. ಅದೂ ಡೀಸೆಲ್‌ನಿಂದಲೇ ಬರಬೇಕು. ನಾವು ಒಂದು ಗುಟುಕು ಉಳಿಸಲು ಹೋಗಿ ಇನ್ನೊಬ್ಬರ ಕೊಡ ಚೆಲ್ಲಿದ ಹಾಗಾಯಿತು. ಜೀವಕ್ಕೆ ಅಪಾಯ ಬೇರೆ.

ಹಾಗಾದರೆ ಏನು ಮಾಡಬೇಕು?

1. ದೊಡ್ಡ ರಸ್ತೆಯಲ್ಲಿ ಬರುವವರಿಗೆ ಮೊದಲು ದಾರಿ ಬಿಡಬೇಕು. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೂ ಹೀಗೇ ಇದೆ.

2. ಸಾಕಷ್ಟು ಜಾಗ ಸಿಗುವ ತನಕ ಕಾಯಬೇಕು. ಕಾಯುವಾಗ ಇಂಜಿನ್ ಆಫ್ ಮಾಡಬಾರದು. ಸಿಗ್ನಲ್ ಬೇರೆ, ಇದು ಬೇರೆ. ಇಲ್ಲಿ ಜಾಗ ಸಿಕ್ಕಿದ ಕ್ಷಣ ಹೊರಡಬೇಕು. ಆಗ ಸ್ಟಾರ್ಟ್ ಆಗದಿದ್ದರೆ ಗತಿ ಏನು?

3. ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ತಿರುಗಿಯೂ ನೋಡಿ ಸೇರಬೇಕು. ಸೇರುವಾಗ ಆಕ್ಸಿಲರೇಟರ್ ಗಟ್ಟಿಯಾಗಿ ಒತ್ತಬೇಕು. ಸೇರಿದ ಮೇಲೆ ಎಡಗಡೆಯ ಪಥದಲ್ಲಿ ಒಂದೇ ಸಮನೆ ಹೋಗಬೇಕು.

4. ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್ ಮಾಡಿ ಬಿಡಬಾರದು, ಇಂಜಿನ್ ಅಂತೂ ಆಫ್ ಮಾಡಲೇಬಾರದು. ಆಫ್ ಆದರೆ ಕಾರಿನ ಬ್ರೇಕ್ ಗಟ್ಟಿಯಾಗುತ್ತದೆ, ಪವರ್ ಸ್ಟೀರಿಂಗ್ ಭಾರವಾಗುತ್ತದೆ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಇಂಧನ ತಾನಾಗಿಯೇ ನಿಲ್ಲುತ್ತದೆ.

5. ಮೊಪೆಡ್ಡು, ಟ್ರ್ಯಾಕ್ಟರು 80 ಮುಟ್ಟುವುದಿಲ್ಲ. ಅವು ಎಷ್ಟು ಒತ್ತಿದರೂ ಈ ಲೆಕ್ಕ ಸರಿಹೋಗದು. ಸರ್ವಿಸ್ ರಸ್ತೆ ಇರುವಷ್ಟು ದೂರ ಅದರಲ್ಲೇ ಹೋಗಬೇಕು. ಇಲ್ಲದಿದ್ದರೆ ಹಿಂದೆ ರಸ್ತೆ ಖಾಲಿ ಇರುವಾಗ ಸೇರಿ ಎಡ ಅಂಚಿನಲ್ಲೇ ಹೋಗಬೇಕು. ರಾತ್ರಿ ಹಿಂದಿನ ದೀಪ ಉರಿಯಲೇಬೇಕು.

ಉಳಿತಾಯ ಮಾಡುವುದಕ್ಕೆ ಬೇರೆ ಬೇಕಾದಷ್ಟು ಜಾಗ ಇದೆ. ಚಕ್ರಕ್ಕೆ ಗಾಳಿ ಹಿಡಿಸುವುದು, ಬೇಡದ ಭಾರ ಇಳಿಸುವುದು, ಮುಂದೆ ಉಬ್ಬು ಕಂಡ ಕೂಡಲೇ ಕಾಲು ತೆಗೆಯುವುದು, ಊರೊಳಗೆ ಸುಮ್ಮನೆ ನಿಂತಾಗ ಇಂಜಿನ್ ಆಫ್ ಮಾಡುವುದು. ಇವು ಯಾರ ಜೀವಕ್ಕೂ ತೊಂದರೆ ಇಲ್ಲದ ಉಳಿತಾಯ.

ನನ್ನ ಲೆಕ್ಕದ ಹಾಳೆಯನ್ನು ಚಿಕ್ಕಪ್ಪ ಎರಡು ಸಲ ಓದಿದರು. "ಆ ಹತ್ತು ಸೆಕೆಂಡಿನ ಪೆಟ್ರೋಲು ಹೋದ್ರೆ ಹೋಗ್ಲಿ ಬಿಡು" ಅಂದರು. ನಾನು ಹೇಳುವುದೂ ಅಷ್ಟೇ. ಸೇರುವ ಹತ್ತು ಸೆಕೆಂಡಿನಲ್ಲಿ ಉಳಿಸಬೇಡಿ, ಆಮೇಲಿನ ಹತ್ತು ಕಿಲೋಮೀಟರಿನಲ್ಲಿ ಉಳಿಸಿ. ಮನೆಯಲ್ಲಿ ಗಾಡಿ ಓಡಿಸುವವರಿಗೆ ಈ ಲೆಕ್ಕ ತೋರಿಸಿ.

ನಿಮಗೊಂದು ಪ್ರಶ್ನೆ: ಟ್ರ್ಯಾಕ್ಟರ್ 20 ಕಿ.ಮೀ. ವೇಗದಲ್ಲಿ ಹೆದ್ದಾರಿಯಲ್ಲಿ ಹೋಗುತ್ತಿದೆ. 200 ಮೀಟರ್ ಹಿಂದೆ 80 ಕಿ.ಮೀ. ವೇಗದ ಲಾರಿ ಇದೆ. ಎಷ್ಟು ಸೆಕೆಂಡಿಗೆ ಹತ್ತಿರ ಬರುತ್ತದೆ?
(ಉತ್ತರ: 12 ಸೆಕೆಂಡ್. ಲೆಕ್ಕ ಮಾಡಿದ ಮೇಲೆಯೇ ಉತ್ತರ ನೋಡಿ!)