ಹುತ್ತದ ಅಣಬೆಯೋ, ವಿಷದ ಅಣಬೆಯೋ? ಮೊಬೈಲ್ ಮಾತು ನಂಬುವ ಮುನ್ನ ಬುಡ ಅಗೆದು ನೋಡಿ

ಆರಿದ್ರಾ ಮಳೆ ಹಿಡಿದು, ಎರಡು ದಿನ ಗುಡುಗಿ, ನಡುವೆ ಸ್ವಲ್ಪ ಬಿಸಿಲು ಬಿತ್ತು ಅಂದರೆ ನಮ್ಮ ಮಲೆನಾಡಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಅಣಬೆ ಎದ್ದಿದಾವಾ?" ಕಾಡಿನ ಅಣಬೆ ನೋಡುವುದು, ಫೋಟೋ ತೆಗೆಯುವುದು, ಗುರುತು ಹಿಡಿಯುವುದು ನನಗೆ ಕೆಲವು ವರ್ಷಗಳಿಂದ ಅಂಟಿದ ಹವ್ಯಾಸ. ನಾನು ವಿಜ್ಞಾನಿಯಲ್ಲ, ತೋಟ ಮಾಡಿಕೊಂಡಿರುವವನು. ಒಂದು ಸಲ ತಪ್ಪು ಮಾಡಿ ಆಸ್ಪತ್ರೆ ಸೇರಿದವನು ಕೂಡ. ಆ ತಪ್ಪಿನಿಂದ ಕಲಿತದ್ದನ್ನು ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾನು ಮಾಡಿದ ತಪ್ಪು

ಮೂರು ವರ್ಷದ ಹಿಂದೆ ನಮ್ಮ ಕೊಟ್ಟಿಗೆ ಹಿಂದೆ, ಗೊಬ್ಬರದ ಗುಂಡಿ ಪಕ್ಕ, ಊಟದ ತಟ್ಟೆಯಷ್ಟು ಅಗಲದ ಬಿಳಿ ಅಣಬೆಗಳು ಎದ್ದಿದ್ದವು. ಮೊಬೈಲ್ ಆ್ಯಪ್‌ನಲ್ಲಿ ಒಂದು ಫೋಟೋ ತೆಗೆದೆ. ಅದು ಯಾವುದೋ ತಿನ್ನುವ ಅಣಬೆಯ ಹೆಸರು ತೋರಿಸಿತು. ಖುಷಿಯಿಂದ ಕಿತ್ತು ತಂದೆ. ಅಮ್ಮ ಈರುಳ್ಳಿ ಹಾಕಿ ಹುರಿದರು. ನಾನೂ ತಮ್ಮನೂ ತಿಂದೆವು.

ಅಜ್ಜಿ ಜಗಲಿಯಿಂದಲೇ ಕೇಳಿದ್ದರು, "ಬುಡ ಅಗೆದು ನೋಡಿದ್ಯಾ ಮಗಾ? ಬೇರಿತ್ತಾ?" ನಾನು ನಕ್ಕು, "ಮೊಬೈಲ್‌ನಲ್ಲೇ ಬಂದಿದೆ ಅಜ್ಜಿ" ಅಂದೆ.

ಎರಡು ಗಂಟೆ ಆಗಿರಲಿಲ್ಲ, ತಮ್ಮನಿಗೆ ವಾಂತಿ ಶುರುವಾಯಿತು. ಆಮೇಲೆ ನನಗೆ. ವಾಂತಿ, ಭೇದಿ, ಹೊಟ್ಟೆ ಹಿಂಡುವ ನೋವು. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದೆವು. ಮಾರನೇ ದಿನ ಮನೆಗೆ ಬಂದಾಗ, ಜಗಲಿಯ ಮೇಲೆ ಪೇಪರಿನಲ್ಲಿ ಉಳಿದಿದ್ದ ಒಂದು ಅಣಬೆ ಎತ್ತಿದೆ. ಅದರ ಅಡಿಯಲ್ಲಿ ಮಾಸಲು ಹಸಿರು ಪುಡಿ ಉದುರಿತ್ತು. ನಾವು ತಿಂದದ್ದು ಹಸಿರು ಬೀಜಕಣದ ಅಣಬೆ. ಇದರ ವೈಜ್ಞಾನಿಕ ಹೆಸರು ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್. ಗೊಬ್ಬರ ಬಿದ್ದ ಜಾಗ, ಹುಲ್ಲುಹಾಸು ಇದಕ್ಕೆ ಇಷ್ಟ. ಎಳೆಯದರಲ್ಲಿ ಕೊಡೆಯ ಅಡಿಯ ಪದರುಗಳೂ ಬೆಳ್ಳಗೇ ಇರುತ್ತವೆ, ಬಲಿತ ಮೇಲಷ್ಟೇ ಹಸಿರಾಗುತ್ತವೆ. ಮೇಲಿನಿಂದ ತೆಗೆದ ಒಂದು ಫೋಟೋದಲ್ಲಿ ಇದು ಹೇಗೆ ಗೊತ್ತಾಗಬೇಕು?

ಅಜ್ಜಿ ಕೇಳಿದ ಬೇರಿನ ಗುಟ್ಟು

ಹುತ್ತದ ಅಣಬೆಯನ್ನು ಬೆಳೆಯುವುದು ಗೆದ್ದಲು. ಕೆಲಸಗಾರ ಗೆದ್ದಲುಗಳು ಒಣ ಎಲೆ, ಕಡ್ಡಿ ತಿಂದು, ಹಿಕ್ಕೆಯಿಂದ ನೆಲದೊಳಗೆ ಸ್ಪಂಜಿನಂತಹ ತಟ್ಟೆ ಕಟ್ಟುತ್ತವೆ. ಅದರ ಮೇಲೆ ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರ ಬೆಳೆಯುತ್ತದೆ. ಗಟ್ಟಿ ನಾರನ್ನು ಜೀರ್ಣವಾಗುವಂತೆ ಮಾಡಿಕೊಡುವುದೇ ಅದರ ಕೆಲಸ. ಮಳೆ ಬಿದ್ದಾಗ ಅದೇ ಶಿಲೀಂಧ್ರ ನೆಲ ಸೀಳಿಕೊಂಡು ಅಣಬೆಯಾಗಿ ಮೇಲೆ ಬರುತ್ತದೆ.

ಹಾಗಾಗಿ ದೊಡ್ಡ ಜಾತಿಯ ಹುತ್ತದ ಅಣಬೆಗೆ ಮೂರು ಗುರುತು ಒಟ್ಟಿಗೆ ಸಿಗಬೇಕು.

1. ಕೊಡೆಯ ನಡುವೆ ಮಣ್ಣು ಕೊರೆದು ಬರಲು ಬೇಕಾದ ಗಟ್ಟಿ ಮೊನೆ.
2. ಕಾಂಡದ ಬುಡದಿಂದ ಕೆಳಕ್ಕೆ ಇಳಿದ ಉದ್ದನೆಯ ಬೇರಿನಂತಹ ಭಾಗ. ಅದನ್ನೇ ಹಿಡಿದು ಅಗೆದರೆ ಗೆದ್ದಲಿನ ತಟ್ಟೆ ಸಿಗಬೇಕು.
3. ಉದುರುವ ಬೀಜಕಣದ ಬಣ್ಣ ನಸುಗೆಂಪು.

ಬರೀ ಬೇರು ಇದ್ದರೆ ಸಾಲದು. ಬೇರೆ ಕೆಲವು ಅಣಬೆಗಳಿಗೂ ಉದ್ದ ಬುಡ ಇರುತ್ತದೆ. ಕಾಂಡದಲ್ಲಿ ಉಂಗುರ ಇದೆಯೋ ಇಲ್ಲವೋ ಅನ್ನುವುದರಿಂದಲೂ ತೀರ್ಮಾನ ಮಾಡಬೇಡಿ. ಹುತ್ತದ ಅಣಬೆಯ ಕೆಲವು ಜಾತಿಗೆ ಉಂಗುರ ಇದೆ, ಕೆಲವಕ್ಕೆ ಇಲ್ಲ. ಅಕ್ಕಿ ಚೆಲ್ಲಿದ ಹಾಗೆ ಏಳುವ ಪುಟ್ಟ ಜಾತಿಗೆ ಈ ಬೇರಿನ ಪರೀಕ್ಷೆ ಹೊಂದುವುದಿಲ್ಲ. ಹೊಸಬರು ಅದನ್ನು ಬಿಟ್ಟುಬಿಡಿ. ಅಗೆಯುವುದು ಒಂದೇ ಅಣಬೆಯ ಬುಡ ಸಾಕು. ಗೂಡನ್ನೆಲ್ಲ ಕೆದಕಿದರೆ ಮುಂದಿನ ವರ್ಷಕ್ಕೆ ಏನೂ ಉಳಿಯುವುದಿಲ್ಲ.

ಬುಡ ಅಗೆಯಲು ಇನ್ನೊಂದು ಕಾರಣವಿದೆ. ಬುಡದಲ್ಲಿ ಮೊಟ್ಟೆ ಚಿಪ್ಪಿನ ಹಾಗೆ ಬಿಳಿ ಚೀಲ ಕಂಡರೆ ಅಲ್ಲೇ ಬಿಡಿ. ಅಮಾನಿಟಾ ಗುಂಪಿನ ಅಣಬೆಗಳಿಗೆ ಇಂಥ ಚೀಲ ಇರುತ್ತದೆ. ಪ್ರಪಂಚದಲ್ಲಿ ಅಣಬೆ ತಿಂದು ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಈ ಗುಂಪೇ. ಮೇಲಿಂದ ಕಿತ್ತರೆ ಆ ಚೀಲ ಮಣ್ಣಿನಲ್ಲೇ ಉಳಿದುಬಿಡುತ್ತದೆ.

ಬೀಜಕಣದ ಅಚ್ಚು ತೆಗೆಯುವುದು ಹೀಗೆ

ಖರ್ಚಿಲ್ಲದ ಕೆಲಸ. ಬಲಿತ ಅಣಬೆಯ ಕಾಂಡ ಕತ್ತರಿಸಿ. ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಕೊಡೆಯನ್ನು ಪದರು ಕೆಳಗಾಗುವಂತೆ ಇಡಿ. ಮೇಲೊಂದು ಬಟ್ಟಲು ಕವುಚಿ. ರಾತ್ರಿ ಬಿಟ್ಟು ಬೆಳಿಗ್ಗೆ ಎತ್ತಿದರೆ ಪುಡಿಯ ಅಚ್ಚು ಮೂಡಿರುತ್ತದೆ. ಬಿಳಿ ಪುಡಿ ಕಪ್ಪು ಕಾಗದದಲ್ಲಿ ಕಾಣುತ್ತದೆ, ಬಣ್ಣದ್ದು ಬಿಳಿ ಕಾಗದದಲ್ಲಿ. ಹಸಿರು ಬಂದರೆ ನಾನು ತಿಂದ ಅಣಬೆ. ಅಮಾನಿಟಾದ್ದು ಬಿಳಿ. ಆದರೆ ಅಚ್ಚಿನ ಬಣ್ಣವೊಂದೇ "ತಿನ್ನಬಹುದು" ಅಂತ ಹೇಳುವುದಿಲ್ಲ. ವಿಷದ ಅಣಬೆಗಳಲ್ಲೂ ನಸುಗೆಂಪು ಪುಡಿಯವು ಇವೆ. ಎಲ್ಲ ಗುರುತೂ ಕೂಡಿಬರಬೇಕು.

ಹಾಗಾದರೆ ಮೊಬೈಲ್ ಯಾಕೆ?

ಮೊಬೈಲನ್ನು ನೋಟ್‌ಬುಕ್ ಮಾಡಿಕೊಳ್ಳಿ, ತೀರ್ಪು ಕೊಡುವ ಯಜಮಾನ ಮಾಡಬೇಡಿ. ಪ್ರತಿ ಅಣಬೆಗೆ ಆರು ಫೋಟೋ ತೆಗೆಯಿರಿ: ಮೇಲಿನಿಂದ, ಕೊಡೆಯ ಅಡಿ, ಅಗೆದ ಬುಡ, ಉದ್ದಕ್ಕೆ ಸೀಳಿದ ಒಳಭಾಗ, ಸುತ್ತಲಿನ ಜಾಗ, ಮರುದಿನದ ಅಚ್ಚು. ಅಳತೆಗೆ ಪಕ್ಕದಲ್ಲಿ ಒಂದು ನಾಣ್ಯ ಇಡಿ. ವಾಸನೆ ಹೇಗಿತ್ತು, ಯಾವ ಮಳೆಯಲ್ಲಿ ಎದ್ದಿತು, ಹತ್ತಿರ ಯಾವ ಮರವಿತ್ತು ಬರೆದಿಡಿ. ಎರಡು ಮೂರು ಮಳೆಗಾಲ ಹೀಗೆ ಮಾಡಿದರೆ ನಿಮ್ಮ ಜಮೀನಿನ ಅಣಬೆ ಪುಸ್ತಕ ನಿಮ್ಮ ಕೈಯಲ್ಲೇ ಇರುತ್ತದೆ. ಆ್ಯಪ್ ಹೇಳುವ ಹೆಸರು ಹುಡುಕಾಟದ ಮೊದಲ ಸುಳಿವು ಮಾತ್ರ. ಅದಕ್ಕೆ ವಾಸನೆ ಗೊತ್ತಿಲ್ಲ, ಮಣ್ಣೊಳಗಿನ ಬುಡ ಕಾಣುವುದಿಲ್ಲ. ವಾಟ್ಸ್‌ಆ್ಯಪ್ ಗ್ರೂಪಿಗೆ ಫೋಟೋ ಹಾಕಿ "ತಿನ್ನಬಹುದಾ?" ಅಂತ ಕೇಳುವುದೂ ಅಷ್ಟೇ ಅಪಾಯ.

ಈ ಮಾತುಗಳನ್ನು ನಂಬಬೇಡಿ

"ಹುಳ ತಿಂದಿದ್ದರೆ ನಾವೂ ತಿನ್ನಬಹುದು." ಸುಳ್ಳು. ಹುಳ, ಬಸವನಹುಳುಗಳು ವಿಷದ ಅಣಬೆಯನ್ನೂ ತಿಂದು ಬದುಕುತ್ತವೆ.
"ಬೇಯಿಸುವಾಗ ಬೆಳ್ಳಿ ಚಮಚ, ಬೆಳ್ಳುಳ್ಳಿ, ಅಕ್ಕಿ ಹಾಕಿದರೆ ಬಣ್ಣ ತಿರುಗುತ್ತದೆ." ಸುಳ್ಳು.
"ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ." ಅಮಾನಿಟಾದ ಮಾರಕ ವಿಷ ಬೇಯಿಸಿದರೂ ಒಣಗಿಸಿದರೂ ಹೋಗುವುದಿಲ್ಲ.

ಅಕ್ಕಿ ಹಾಕಿ ನೋಡುವುದನ್ನು ನಮ್ಮಜ್ಜಿಯೂ ನಂಬಿದ್ದರು. ಬೇರಿನ ವಿಷಯದಲ್ಲಿ ಅವರದ್ದು ಸರಿ, ಅಕ್ಕಿ ವಿಷಯದಲ್ಲಿ ತಪ್ಪು. ಹಿರಿಯರ ಮಾತನ್ನೂ ಪರೀಕ್ಷೆ ಮಾಡಿಯೇ ತೆಗೆದುಕೊಳ್ಳಬೇಕು.

ಅಡಿಕೆ ತೋಟದವರಿಗೆ ಒಂದು ಮಾತು: ಬೋರ್ಡೋ ಸಿಂಪಡಿಸುವ ಕಾಲದಲ್ಲೇ ಅಣಬೆಯೂ ಏಳುತ್ತದೆ. ಔಷಧಿ ಬಿದ್ದ ಮರದ ಬುಡದ್ದು, ಕಳೆನಾಶಕ ಹೊಡೆದ ಬೇಲಿಯದ್ದು ಕೀಳಬೇಡಿ. ಅಣಬೆ ಮಣ್ಣಿನಲ್ಲಿರುವ ಲೋಹಗಳನ್ನು ಹೀರಿಕೊಳ್ಳುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಫೋಟೋ ಮಾತ್ರ ಸಾಕು.

ಯಾರಾದರೂ ತಿಂದುಬಿಟ್ಟರೆ

ತಿಂದು ಎರಡು ಮೂರು ಗಂಟೆಯೊಳಗೆ ವಾಂತಿ ಬಂದರೂ ಆಸ್ಪತ್ರೆಗೆ ಹೋಗಿ. ಆರು ಗಂಟೆ ಕಳೆದ ಮೇಲೆ ವಾಂತಿ, ಭೇದಿ ಶುರುವಾದರೆ ಅದು ಇನ್ನೂ ಅಪಾಯದ ಸೂಚನೆ. ಮಾರಕ ಅಣಬೆಯ ವಿಷ ತಡವಾಗಿಯೇ ಕಾಣಿಸಿಕೊಳ್ಳುತ್ತದೆ. ನಡುವೆ ಒಂದು ದಿನ "ಹುಷಾರಾದೆ" ಅನಿಸುತ್ತದೆ. ಆದರೆ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಮನೆಮದ್ದು ಮಾಡುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ. ಉಳಿದ ಅಣಬೆ, ಬೇಯಿಸಿದ ಪಲ್ಯ ಇದ್ದರೆ ತೆಗೆದುಕೊಂಡು ಹೋಗಿ. ಎಷ್ಟು ಗಂಟೆಗೆ ತಿಂದರು, ಯಾರ್ಯಾರು ತಿಂದರು ಎಲ್ಲವನ್ನೂ ವೈದ್ಯರಿಗೆ ಹೇಳಿ. ಆರಾಮಾಗಿದ್ದವರನ್ನೂ ಜೊತೆಗೆ ಕರೆದೊಯ್ಯಿರಿ.

ಕೊನೆಗೆ

ಅಣಬೆ ತಿನ್ನುವ ಆಸೆಯಷ್ಟೇ ಇದ್ದರೆ ಭತ್ತದ ಹುಲ್ಲಿನಲ್ಲಿ ಚಿಪ್ಪಣಬೆ ಬೆಳೆಯಿರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜ, ತರಬೇತಿ ಎರಡೂ ಸಿಗುತ್ತವೆ. ಕಾಡಿನ ಅಣಬೆಯ ಹುಚ್ಚು ಹಿಡಿದವರು ಈ ಮಳೆಗಾಲ ಒಂದೇ ಒಂದು ಜಾತಿಯನ್ನು ಪೂರ್ತಿ ಕಲಿಯಿರಿ. ನಿಮ್ಮ ಊರಲ್ಲಿ ವರ್ಷಗಳಿಂದ ಕಿತ್ತು ತಿಂದವರ ಜೊತೆ ಹೋಗಿ, ಅವರು ತೋರಿಸಿದ್ದನ್ನು ನೀವೂ ಅಗೆದು, ಅಚ್ಚು ತೆಗೆದು ನೋಡಿ. ಒಂದು ಗುರುತು ತಪ್ಪಿದರೂ ಬೇಡ.

ನಾನೀಗ ಹುತ್ತದ ಅಣಬೆ ತಂದರೆ ಮೊದಲು ಅಜ್ಜಿಗೆ ಬೇರು ತೋರಿಸುತ್ತೇನೆ. ಆಮೇಲೆ ಒಂದು ರಾತ್ರಿ ಕಾಯುತ್ತೇನೆ. ಅಚ್ಚು ನೋಡಿಯೇ ಒಲೆ ಹಚ್ಚುವುದು. ಅನುಮಾನ ಬಂದದ್ದು ಗೊಬ್ಬರದ ಗುಂಡಿಗೆ.